ಬಿಚ್ಚದ ಬೆಲ್ಟ್

ಜೂನ್ ೧೪, ಶನಿವಾರ

ಕಾರಿನ ಹಿಂದೆ ಸೈಕಲ್ ಕಟ್ಟುವ ಹೊಸ ಕ್ಯಾರಿಯರ್ ನೋಡಲು ಮಗಳ ಜೊತೆ ಹೋಗಿದ್ದೆ. ಹಳೆಯದರಿಂದ ಸೈಕಲ್ ರಸ್ತೆಗೆ ಬಿದ್ದದ್ದು ಹೇಗೆಂದು ಅಂಗಡಿಯವರು ಕೇಳಿದರು.

“ನಾನೇ ಬೆಲ್ಟ್ ಸರಿಯಾಗಿ ಬಿಗೀಲಿಲ್ಲ ಅಂಕಲ್” ಎಂದಳು ಮಗಳು.

ನಾನು ಬೆಲೆಯ ಚೀಟಿ ಓದುತ್ತ ನಿಂತೆ. ಅಗ್ಗದ್ದು ಸಾಕೆಂದು ಆ ಹಳೆಯ ಕ್ಯಾರಿಯರ್ ತಂದವನೂ ನಾನೇ, ಚಕ್ರ ಬಿಗಿಯುವ ಕೆಳಗಿನ ಬೆಲ್ಟನ್ನು ಸುಮ್ಮನೆ ಹೆಚ್ಚಿಗೆ ಕೊಟ್ಟಿದ್ದಾರೆಂದು ಡಬ್ಬದಲ್ಲೇ ಬಿಟ್ಟವನೂ ನಾನೇ. ಹೋದ ವಾರ ಅದು ಕೈಗೆ ಸಿಕ್ಕಿತು. ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

“ದುಬಾರಿಯಾದ್ರೂ ಬೀಗ ಇರೋದೇ ತಗೋ ಅಪ್ಪ, ನನ್ನ ಕೈ ನಂಬೋಕಾಗಲ್ಲ” ಎಂದಳು. ತೆಗೆದುಕೊಂಡೆ. ಮನೆಯಲ್ಲಿ ಜೋಡಿಸಿ, ಬೀಗ ಹಾಕಿ, ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

“ನಿನ್ನ ಹತ್ರಾನೇ ಭದ್ರ.”

ಅದನ್ನು ಕಪಾಟಿನಲ್ಲಿ, ಅಂಗಿಗಳ ಕೆಳಗೆ, ಆ ಬೆಲ್ಟಿನ ಪಕ್ಕದಲ್ಲೇ ಇಟ್ಟಿದ್ದೇನೆ. ನಾಳೆ ಅವಳೇ ಬಂದು ಕಪಾಟು ತೆಗೆದರೆ ಒಳ್ಳೆಯದಿತ್ತು, ನಾನಾಗಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.