ಬೆಳವಣಿಗೆಯ ವಯಸ್ಸು ಮೀರಿದ ಮೂತ್ರಪಿಂಡ

ಆರೋಗ್ಯ ಯೋಜನೆಯ ಮಾನ್ಯ ಮಂಜೂರಾತಿ ಅಧಿಕಾರಿಗಳೇ,

ನನ್ನ ಅಕ್ಕನ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದೆ. ಎಷ್ಟು ಸೋರುತ್ತಿದೆ ಎಂದು ಅಳೆಯಲು ಆಸ್ಪತ್ರೆಗೆ ತಮ್ಮ ಅಪ್ಪಣೆ ಬೇಕಂತೆ. ಕೇಳಿದ್ದಕ್ಕೆ ತಾವು ಷರಾ ಬರೆದಿರಿ: “ಅರ್ಜಿದಾರರಿಗೆ ಐವತ್ತಾರು ವರ್ಷ. ಬೆಳವಣಿಗೆಯ ವಯಸ್ಸು ಮೀರಿದೆ. ಪ್ರೋಟೀನ್ ಕೊರತೆಗೆ ಮಕ್ಕಳ ಪೌಷ್ಟಿಕ ಆಹಾರ ವಿಭಾಗವನ್ನು ಸಂಪರ್ಕಿಸುವುದು. ತಿರಸ್ಕರಿಸಿದೆ.” ನಾಲ್ಕು ವಾಕ್ಯ, ಒಂದೂ ಕಾಗುಣಿತದ ತಪ್ಪಿಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಕರಡು ತಿದ್ದುತ್ತಿರುವವನು ನಾನು. ಮೊದಲು ಅದಕ್ಕೆ ಅಭಿನಂದನೆ.

ಎಡವಟ್ಟಿನಲ್ಲಿ ನನ್ನ ಪಾಲೂ ಇದೆ. ವೈದ್ಯೆ ಚೀಟಿಯಲ್ಲಿ ‘ಗ್ರೋತ್ ಫ್ಯಾಕ್ಟರ್’ ಎಂದೇ ಬರೆದಿದ್ದರು. ಪರಭಾಷೆಯ ಪದ ಸಲ್ಲದು ಎಂದು ತಮ್ಮ ನಮೂನೆಯ ತಲೆಯ ಮೇಲೇ ಅಚ್ಚಾಗಿತ್ತು. ಪದ ಕಂಡರೆ ತಿದ್ದದೆ ಬಿಡುವ ಜಾಯಮಾನ ನನ್ನದಲ್ಲ. ‘ಬೆಳವಣಿಗೆ ಅಂಶ’ ಎಂದು ದುಂಡಗೆ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಮ್ಮ ಗುಮಾಸ್ತರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರು ಇನ್ನೂ ಬೆಳೀಬೇಕಾ ಸಾರ್?” ಎಂದರು. ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಈಗ ಬಿಡಿಸಿ ಹೇಳುತ್ತೇನೆ. ಅಕ್ಕನಿಗೆ ಕರುಳಿನ ಕ್ಯಾನ್ಸರ್. ಗಡ್ಡೆ ತನ್ನ ಹೊಟ್ಟೆ ಹೊರೆಯಲು ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಅಂಶವೇ ಈ ಗ್ರೋತ್ ಫ್ಯಾಕ್ಟರ್. ಔಷಧಿ ಅದನ್ನು ತಡೆಯುತ್ತದೆ. ಎರಡು ತಿಂಗಳಲ್ಲಿ ಗಡ್ಡೆ ಕುಗ್ಗಿತು, ಆದರೆ ಅಕ್ಕನ ಕಾಲು ಊದಿತು, ಮೂತ್ರದಲ್ಲಿ ನೊರೆ ಬಂತು. ಶಾಲಾ ಸಮವಸ್ತ್ರ ಹೊಲಿಯುವ ಅವಳ ಪಾದ ಈಗ ಯಂತ್ರದ ಪೆಡಲಿನ ಮೇಲೆ ಕೂರುವುದಿಲ್ಲ.

“ಮೂತ್ರಪಿಂಡಕ್ಕೂ ಅದೇ ಅಂಶ ಬೇಕಮ್ಮ,” ಎಂದರು ವೈದ್ಯೆ. “ಅಲ್ಲಿರೋ ಜರಡಿಯ ಜೀವಕೋಶಗಳು ಅದನ್ನ ತಾವೇ ತಯಾರಿಸಿ, ಪಕ್ಕದ ಸಣ್ಣ ರಕ್ತನಾಳಗಳನ್ನ ಕಾಪಾಡ್ಕೋತವೆ. ನಾವು ಗಡ್ಡೆಗೆ ಅಂತ ತಡೆದದ್ದು ಅಲ್ಲೂ ತಡೆದಿದೆ. ಜರಡಿ ಸಡಿಲವಾಗಿ ಪ್ರೋಟೀನ್ ಹೊರಗೆ ಹೋಗ್ತಿದೆ.”

“ಔಷಧಿ ನಿಲ್ಲಿಸ್ಬಿಡಿ ಹಾಗಾದ್ರೆ,” ಎಂದೆ.

“ಗಡ್ಡೆ ಸುಮ್ನಿರುತ್ತಾ? ಒಂದು ದಿನದ ಪೂರ್ತಿ ಮೂತ್ರ ಪರೀಕ್ಷೆ ಮಾಡಿಸಿ. ಸೋರಿಕೆ ಎಷ್ಟು ಅಂತ ಗೊತ್ತಾಗ್ದೆ ಮುಂದಿನ ಡೋಸ್ ಕೊಡೋಕಾಗಲ್ಲ.”

ಪೌಷ್ಟಿಕ ಆಹಾರ ವಿಭಾಗಕ್ಕೂ ಹೋದೆವು, ಸ್ವಾಮಿ. ತಮ್ಮ ಮಾತು ಮೀರುವುದುಂಟೇ? ಗೋಡೆಗೆ ಒರಗಿಸಿದ ಅಳತೆಪಟ್ಟಿಯ ಪಕ್ಕ ಅಕ್ಕನನ್ನು ನಿಲ್ಲಿಸಿ ಎತ್ತರ ಬರೆದುಕೊಂಡರು. ತಾವು ವೈದ್ಯರಲ್ಲ, ಸರಿ. ಅರ್ಥವಾಗದ ಪದ ಕಂಡಾಗ ಫೋನೆತ್ತಿ ಕೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ರೋಗಿಯನ್ನು ನೋಡಿದವರು ಬರೆದದ್ದನ್ನು ನೋಡದವರು ಹೊಡೆದುಹಾಕುವ ಈ ಏರ್ಪಾಡು ಯಾರ ಆರೋಗ್ಯಕ್ಕೆ? ಹತ್ತೊಂಬತ್ತು ದಿನದಿಂದ ಅಕ್ಕನಿಗೆ ಔಷಧಿ ಇಲ್ಲ. ಅವಳಲ್ಲಿ ಈಗ ಬೆಳೆಯುತ್ತಿರುವುದು ಗಡ್ಡೆಯೊಂದೇ ಇರಬೇಕು, ಅದಕ್ಕೆ ತಮ್ಮ ಮಂಜೂರಾತಿ ಬೇಕಿಲ್ಲ. ನನಗೆ ಭಯವಾಗುತ್ತಿದೆ.

ತಿದ್ದಿದ ಅರ್ಜಿ ಇದರೊಂದಿಗಿದೆ. ಈ ಸಲ ‘ಗ್ರೋತ್ ಫ್ಯಾಕ್ಟರ್’ ಎಂದೇ ಬರೆದಿದ್ದೇನೆ. ನಿಯಮ ಮುರಿದ ದಂಡನೆ ನನಗಿರಲಿ, ಸಹಿ ಅವಳಿಗೆ ಸಿಗಲಿ. ಸೋಮವಾರದೊಳಗೆ ಬೇಕು. ಡೋಸ್ ಕೊಡುವ ಗುರುವಾರದ ಹಾಸಿಗೆಗೆ ಅವಳ ಹೆಸರಿದೆ. ವರದಿ ಇಲ್ಲದಿದ್ದರೆ ಅದು ಮುಂದಿನವರಿಗೆ ಹೋಗುತ್ತದೆ.

ಇದರ ಒಂದು ಪ್ರತಿ ಪತ್ರಿಕೆಗೂ ಹೋಗುತ್ತಿದೆ. ಕಳಿಸುವ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ಈ ಬಾರಿ ಅವಳು ನಗಲಿಲ್ಲ. “ಹರಿದುಹಾಕೋ ಮಾರಾಯ. ಅವರಿಗೆ ಸಿಟ್ಟು ಬಂದ್ರೆ ನಿನಗೇನೂ ಆಗಲ್ಲ, ಸಾಯೋಳು ನಾನು,” ಎಂದಳು.

ಇಂತಿ,
ಹರಿಯದೆ ಅಂಚೆಗೆ ಹಾಕಿದ,
ಅವಳಿಗಿರುವ ಒಬ್ಬನೇ ತಮ್ಮ