ನೆಗ್ಗಿದ ಕೊಡ

ಶಾಲೆಯ ಮಹಾನಂದಾ ಅಕ್ಕೋರಿಗೆ ಫಕೀರವ್ವನ ನಮಸ್ಕಾರ.

ಮನುಷ್ಯರು ಬದುಕಿ ಬಂದ ಕಥೆ ಹೇಳುವ ಮನೆಸಾಮಾನುಗಳನ್ನು ಆರಿಸಿ ಶಾಲೆಯಲ್ಲಿ ಇಡುತ್ತೀರೆಂದು ಕೇಳಿ, ನನ್ನ ತವರಿನ ತಾಮ್ರದ ಕೊಡ ಕಳಿಸಿದ್ದೆ. ನಿಮ್ಮಲ್ಲಿ ಬಿಸಿಯೂಟ ಮಾಡುವ ನನ್ನ ಸೊಸೆ ನಿನ್ನೆ ಅದನ್ನು ವಾಪಸ್ ತಂದಳು. "ಅತ್ತೀ, ನೆಗ್ಗಿದ್ದು ಬ್ಯಾಡಂತ. ಚಂದಂದು ಇದ್ರ ಕೊಡಬೇಕಂತ" ಅಂದಳು. ಅಕ್ಕೋರೆ, ನೀವು ಹೆಣ್ಣು ನೋಡಲಿಕ್ಕೆ ಕುಂತೀರೋ, ಸಾಮಾನು ಆರಿಸಲಿಕ್ಕೋ?

ನಾನು ಮದುವೆಯಾಗಿ ಬಂದಾಗ ನಮ್ಮ ಓಣಿಯವರು ಕೆರೆಗೆ ಇಳಿಯುವಂತಿರಲಿಲ್ಲ. ಮೇಲ್ಜಾತಿಯವರು ಯಾರಾದರೂ ಬಂದು ನೀರು ಸುರಿಯುವವರೆಗೆ ದಂಡೆಯ ಮೇಲೆ ಕೊಡ ಇಟ್ಟು ಕಾಯಬೇಕಿತ್ತು. ಒಂದು ದಿನ ಕೂಸಿಗೆ ಜ್ವರ. ನಾನು ಕಾಯಲಿಲ್ಲ, ಇಳಿದು ಕೊಡ ಮುಳುಗಿಸಿದೆ. "ಕೆರಿ ಕೆಡಸ್ತೀಯೇನ ಬೇ?" ಎಂದು ಒಬ್ಬ ಕೂಗಿದ. "ಮಳಿ ನಿಮ್ಮಪ್ಪನ ಹೊಲದಾಗಷ್ಟ ಬಿದ್ದೈತೇನ?" ಎಂದೆ. ಕಲ್ಲು ಬಂತು. ಕೊಡ ನೆಗ್ಗಿತು, ನೀರು ಮಾತ್ರ ಮನೆ ಮುಟ್ಟಿತು.

ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಅದನ್ನೇ ಕಳಿಸಿದ್ದೇನೆ. ನೆಗ್ಗು ತೆಗೆಸಬೇಡಿ, ಆ ಮಗ್ಗುಲು ಬಾಗಿಲ ಕಡೆಗೇ ಇರಲಿ. ನೋಡಲು ಬಂದವರು ಏನಾಯಿತೆಂದು ಕೇಳಿದರೆ ನೀವು ತೊದಲುವುದು ಬೇಡ, ನಾನೇ ಹೇಳುತ್ತೇನೆ. ಕೊಡದ ಬಾಜು ಒಂದು ಕುರ್ಚಿ ಹಾಕಿಸಿರಿ.

ಇಂತಿ,
ಫಕೀರವ್ವ
ಕೆಳಗಿನ ಓಣಿ