ಸಿಂಕಿಗೆ ಹೋಗುವ ಜೆಲ್

ವೊಲೊಂಗಾಂಗ್
ಬುಧವಾರ ಬೆಳಿಗ್ಗೆ

ಪಕ್ಕದ ಮೇಜಿನ ಮಹಾರಾಣಿ ಕೆರಿನಳ ಸನ್ನಿಧಾನಕ್ಕೆ,

ನಿನ್ನೆಯಿಂದ ನಿನ್ನೊಡನೆ ಮಾತು ಬಿಟ್ಟಿದ್ದೇನೆ. ಪತ್ರ ಬರೆಯುವುದಿಲ್ಲವೆಂದು ಮಾತ್ರ ಆಣೆಯಿಟ್ಟಿಲ್ಲ. ಆದ್ದರಿಂದ ಕೇಳು.

ಕಿವಿಯಿಲ್ಲದೆ ಹುಟ್ಟಿದ ಮಕ್ಕಳಿಗೆ ಅವರದೇ ಜೀವಕೋಶಗಳಿಂದ ಕಿವಿ ಮುದ್ರಿಸಬೇಕು, ಕೋಶ ಬೆರೆಸಿದ ಜೆಲ್ಲೇ ಅದಕ್ಕೆ ಇಂಕು ಎಂದು ನಾವಿಬ್ಬರೂ ಈ ಲ್ಯಾಬಿನಲ್ಲಿ ಜೀವ ತೇಯುತ್ತಿದ್ದೇವೆ. ನನ್ನ ಇಂಕಿನ ಕಿವಿ ಒಡ್ಡೋಲಗಕ್ಕೆ ಬಂದ ದೊರೆಯಂತೆ ನೆಟ್ಟಗೆ ನಿಂತಿತು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಕೆಂಪು, ಅಂದರೆ ಎಲ್ಲ ಸತ್ತ ಕೋಶ. ಗಟ್ಟಿ ಜೆಲ್ಲನ್ನು ಸೂಜಿಯಲ್ಲಿ ತಳ್ಳುವಾಗಲೇ ಅವು ನಜ್ಜುಗುಜ್ಜಾಗಿದ್ದವು. ನಿನ್ನ ನೀರು ನೀರು ಇಂಕಿನ ಕಿವಿಯೋ, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನಂತೆ ಕುಸಿಯಿತು. ಒಳಗೆ ಮಾತ್ರ ಜೀವಂತ ಹಸಿರು. ಆ ಹಸಿರು ಕಂಡಾಗಿನಿಂದ ಪೋರ್ಟ್ ಕೆಂಬ್ಲಾದ ಉಕ್ಕಿನ ಕುಲುಮೆ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ನಿನ್ನೆ ಬೆಳಗಿನ ಚಹಾ ಹೊತ್ತಿಗೆ, ಲ್ಯಾಮಿಂಗ್ಟನ್ ಕೇಕು ಮೆಲ್ಲುತ್ತ, ತುಂಬಿದ ಸಭೆಯಲ್ಲಿ ಕೇಳಿದೆಯಲ್ಲ: "ಸ್ಲಾವೀ, ನಿನ್ ಜೆಲ್ ಒಂದ್ ಬಾಟ್ಲಿ ಕೊಡೇ. ಅರೆದು ಬಟ್ಟಲಿಗೆ ತುಂಬ್ತೀನಿ. ಅದರೊಳಗೆ ಪ್ರಿಂಟ್ ಮಾಡಿದ್ರೆ ತಾನಾಗಿ ಗಟ್ಟಿಯಾಗೋ ತನಕ ನನ್ ಕಿವಿ ಬೀಳಲ್ಲ."

ಆಮೇಲೆ ನನ್ನ ಜೆಲ್ಲಿನ ಗತಿ ಏನೆಂದು ನಾನು ಕೇಳಿದೆ.

"ಬೆಳಕು ಹಾಯಿಸಿ ಗಟ್ಟಿ ಮಾಡ್ದಿದ್ರೆ ಬೆಚ್ಚಗಾದಾಗ ಕರಗತ್ತಲ್ಲ, ಸಿಂಕಿಗೆ ಹೋಗತ್ತೆ ಬಿಡು," ಎಂದೆ ನೀನು. ನಮ್ಮ ಮುಖ್ಯಸ್ಥ ಹ್ಯೂ ಬೇರೆ ಬಾಯಿ ಹಾಕಿದ: "ಹೆರಿಗೆಗೆ ಸೂಲಗಿತ್ತಿನೂ ಬೇಕಲ್ಲಮ್ಮ."

ಸೂಲಗಿತ್ತಿಯಂತೆ. ನಾನಂತೆ. ಮಕ್ಕಳ ಆಸ್ಪತ್ರೆಯ ಸರ್ಜನ್ ನಾಳೆ ಬಂದು, ಮುಂದಿನ ಪ್ರಯೋಗಕ್ಕೆ ಯಾರ ಇಂಕೆಂದು ಆರಿಸುತ್ತಾಳೆ. ರಂಗದ ದೀಪವೆಲ್ಲ ನಿನ್ನ ಕಿವಿಯ ಮೇಲೆ. ಪರದೆ ಹಿಡಿದು ನಿಂತು ಕೊನೆಗೆ ಮೋರಿ ಸೇರುವ ಪಾತ್ರ ನನ್ನದು. ಕೊಡುವುದಿಲ್ಲ, ಕೆರಿನ್. ವರ್ಷಗಟ್ಟಲೆ ಹದ ಮಾಡಿದ ಜೆಲ್ಲನ್ನು ನಿನ್ನ ಕಿವಿಗೆ ದಿಂಬು ಮಾಡಲಾರೆ.

ಇಂತಿ,
ಹೊಟ್ಟೆಕಿಚ್ಚಿನಲ್ಲಿ ಬೆಂದರೂ ಬೂದಿಯಾಗದ
ಸ್ಲಾವಿಕಾ

ತಾ.ಕ.: ನಿನ್ನೆ ಮಧ್ಯಾಹ್ನ ನೀನು ಈಜಲು ಹೋದಾಗ, ಇದು ಆಗದ ಕೆಲಸವೆಂದು ನಿನಗೆ ತೋರಿಸಲೆಂದೇ, ನಿನ್ನ ಸಿರಿಂಜಿನಲ್ಲಿ ಉಳಿದಿದ್ದ ಇಂಕನ್ನು ನನ್ನ ಅರೆದ ಜೆಲ್ಲಿನೊಳಗೆ ಮುದ್ರಿಸಿದೆ. ಬೆಚ್ಚಗಾದಾಗ ನನ್ನದು ಕರಗಿತು, ಕಿವಿ ನಿಂತಿತು. ಈಗ ತಾನೇ ಅದರಿಂದ ಒಂದು ಚೂರು ಕತ್ತರಿಸಿ, ಬಣ್ಣ ಹಾಕಿ ನೋಡಿದೆ. ಹಾಳಾದ್ದು, ಎಲ್ಲ ಹಸಿರು. ಉಳಿದ ಕಿವಿ ಇನ್‌ಕ್ಯುಬೇಟರಿನ ಮೇಲಿನ ಗೂಡಿನಲ್ಲಿದೆ, ನಾಳೆ ಸರ್ಜನ್‌ಗೆ ತೋರಿಸು. ಮುಚ್ಚಳದ ಮೇಲೆ ಇಬ್ಬರ ಹೆಸರೂ ಬರೆದಿದ್ದೇನೆ, ನನ್ನದು ಮೊದಲು. ಅಳಿಸಿದರೆ ನೋಡು.